ಕ್ಲಬ್‌ನಲ್ಲಿ ಗೆದ್ದ ಖಾಲಿದ್ ಜಮೀಲ್ ದೇಶದ ತಂಡದಲ್ಲಿ ಎಡವಿದ್ದೇಕೆ?

ನಾಲ್ಕು ತಿಂಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ಭಾರತ ಪುರುಷರ ಫುಟ್‌ಬಾಲ್ ತಂಡದ ಕೋಚ್ ಆದರು. 13 ವರ್ಷಗಳ ನಂತರ ಈ ಕೆಲಸ ಒಬ್ಬ ಭಾರತೀಯನಿಗೆ ಸಿಕ್ಕಿತ್ತು. ಸೆಪ್ಟೆಂಬರ್ 8ರಂದು ತಜಿಕಿಸ್ತಾನದಲ್ಲಿ ಅವರ ತಂಡ ಒಮಾನ್‌ನಂಥ ಬಲವಾದ ತಂಡವನ್ನು ಸೋಲಿಸಿತು. ಅಕ್ಟೋಬರ್ 14ರಂದು ಅದೇ ತಂಡ ಗೋವಾದ ಮಡಗಾಂವ್‌ನಲ್ಲಿ, ನಮ್ಮದೇ ನೆಲದಲ್ಲಿ, ಸಿಂಗಪುರಕ್ಕೆ 1–2ರಿಂದ ಸೋತಿತು. 2027ರ ಏಷ್ಯನ್ ಕಪ್‌ಗೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ 1–0ರಿಂದ ಗೆದ್ದಿತು. ಬಾಂಗ್ಲಾ ಎದುರು ಭಾರತ ಸೋತು 22 ವರ್ಷಗಳಾಗಿದ್ದವು.

ಮೈಸೂರಿನಲ್ಲಿ ನಡುರಾತ್ರಿವರೆಗೂ ಎದ್ದಿದ್ದು ಯುರೋಪಿನ ಪಂದ್ಯ ನೋಡುವ ಹುಡುಗರು ಬೇಕಾದಷ್ಟಿದ್ದಾರೆ. ಭಾರತ ತಂಡದ ಪಂದ್ಯ ನೋಡುವವರು ಅಷ್ಟಿಲ್ಲ. ನೋಡುವವರು ಮಾತ್ರ ನಿಜವಾದ ಆಸೆ ಇಟ್ಟುಕೊಂಡು ನೋಡುತ್ತಾರೆ. ಅವರೆಲ್ಲ ಈಗ ಕೇಳುತ್ತಿರುವ ಪ್ರಶ್ನೆ ಒಂದೇ. ಸತತ ಎರಡು ವರ್ಷ ದೇಶದ ಅತ್ಯುತ್ತಮ ಕೋಚ್ ಪ್ರಶಸ್ತಿ ಪಡೆದವರು ಇವರು. ಒಮಾನ್ ಮೇಲೆ ಗೆಲ್ಲಬಲ್ಲವರು ಬಾಂಗ್ಲಾದೇಶದ ಮೇಲೆ ಹೇಗೆ ಸೋತರು? ಕೋಚ್ ಸರಿಯಿಲ್ಲವೋ, ಆಟಗಾರರು ಸರಿಯಿಲ್ಲವೋ, ಅಥವಾ ಮತ್ತೆ ಹೊರದೇಶದವರನ್ನೇ ಕರೆಸಬೇಕೋ?

ಇದರಲ್ಲಿ ಕೋಚ್ ಕೈಯಲ್ಲಿದ್ದದ್ದು ಎಷ್ಟು, ಇಲ್ಲದ್ದು ಎಷ್ಟು ಎಂದು ಬೇರೆ ಬೇರೆ ಮಾಡಿ ನೋಡಿದರೆ ಗೊಂದಲ ಸುಮಾರಾಗಿ ಕಡಿಮೆಯಾಗುತ್ತದೆ.

ಕುವೈತ್‌ನಿಂದ ಐಜ್ವಾಲ್‌ವರೆಗೆ

ಖಾಲಿದ್ ಹುಟ್ಟಿದ್ದು 1977ರಲ್ಲಿ, ಕುವೈತ್‌ನಲ್ಲಿ, ಭಾರತೀಯ ಕುಟುಂಬದಲ್ಲಿ. ಕೊಲ್ಲಿ ಯುದ್ಧದ ನಂತರ ಕುಟುಂಬ ಭಾರತಕ್ಕೆ ಬಂತು. ಅವರು ಮಿಡ್‌ಫೀಲ್ಡರ್. ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ, ಕೊನೆಗೆ ಮುಂಬೈ ಎಫ್‌ಸಿ ಹೀಗೆ ಅವರ ಆಟವೆಲ್ಲ ಮುಂಬೈ ಸುತ್ತಲೇ ನಡೆಯಿತು. ಭಾರತ ತಂಡಕ್ಕೂ ಆಡಿದರು. ಆದರೆ ಪದೇ ಪದೇ ಆದ ಗಾಯಗಳಿಂದಾಗಿ ಆಟಗಾರನಾಗಿ ಅವರು ಏರಬೇಕಾದಷ್ಟು ಎತ್ತರಕ್ಕೆ ಏರಲಿಲ್ಲ. 2009ರಲ್ಲಿ, 32ನೇ ವಯಸ್ಸಿಗೇ, ಮುಂಬೈ ಎಫ್‌ಸಿಯ ಕೋಚ್ ಆದರು.

ಮುಂಬೈ ಎಫ್‌ಸಿ ಹತ್ತಿರ ಹಣ ಕಡಿಮೆ, ಹೆಸರಾಂತ ಆಟಗಾರರಿಲ್ಲ. ಕೆಳಗಿನ ಡಿವಿಷನ್‌ಗೆ ಬೀಳದಂತೆ ವರ್ಷ ವರ್ಷ ತಂಡವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದನ್ನು ಅವರು ಏಳು ವರ್ಷ ಮಾಡಿದರು. ಗೋಲು ಬಿಟ್ಟುಕೊಡಬೇಡ, ಸಿಕ್ಕ ಒಂದೆರಡು ಅವಕಾಶದಲ್ಲಿ ಹೊಡೆ. ಈ ಅಭ್ಯಾಸ ಅವರಿಗೆ ಹತ್ತಿದ್ದು ಅಲ್ಲೇ. 2016ರಲ್ಲಿ ಕ್ಲಬ್ ಅವರನ್ನು ಬಿಟ್ಟಿತು. ಮುಂದಿನ ಸೀಸನ್‌ನಲ್ಲೇ ಮುಂಬೈ ಎಫ್‌ಸಿ ಕೆಳಗಿನ ಡಿವಿಷನ್‌ಗೆ ಬಿತ್ತು.

ಖಾಲಿದ್ ಮಿಜೋರಾಂಗೆ ಹೋದರು. ಐಜ್ವಾಲ್ ಎಫ್‌ಸಿ ಹಿಂದಿನ ವರ್ಷವೇ, ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಹೊರಬಿದ್ದಿದ್ದ ತಂಡ. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟು ಹೋದದ್ದರಿಂದ ಅದಕ್ಕೆ ಮತ್ತೆ ಜಾಗ ಸಿಕ್ಕಿತ್ತು. ಅಶುತೋಷ್ ಮೆಹ್ತಾ, ಜಯೇಶ್ ರಾಣೆಯಂಥ ಮುಂಬೈನ ಹಳೆಯ ಹುಡುಗರನ್ನು ಖಾಲಿದ್ ಜೊತೆಗೆ ಕರೆದೊಯ್ದರು. ಸ್ಥಳೀಯ ಮಿಜೋ ಹುಡುಗರನ್ನೂ ಸಿರಿಯಾದ ಮಹಮೂದ್ ಅಲ್ ಅಮ್ನಾನಂಥ ಕೆಲವೇ ವಿದೇಶಿ ಆಟಗಾರರನ್ನೂ ಸೇರಿಸಿ ತಂಡ ಕಟ್ಟಿದರು. 2017ರ ಏಪ್ರಿಲ್ 30ರಂದು, ಲೀಗ್‌ನ ಕೊನೆಯ ದಿನ, ಶಿಲ್ಲಾಂಗ್ ಲಜೋಂಗ್ ವಿರುದ್ಧ 1–1 ಡ್ರಾ ಮಾಡಿಕೊಂಡು ಐಜ್ವಾಲ್ ಚಾಂಪಿಯನ್ ಆಯಿತು. ಈಶಾನ್ಯ ರಾಜ್ಯಗಳ ಕ್ಲಬ್ ಒಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಬೆಂಗಳೂರು ಎಫ್‌ಸಿ ಎಲ್ಲವೂ ಹಿಂದುಳಿದವು. ನನ್ನ ಮಟ್ಟಿಗೆ ಈ ಕಾಲದ ಭಾರತೀಯ ಫುಟ್‌ಬಾಲ್‌ನಲ್ಲಿ ಒಬ್ಬ ಕೋಚ್ ಮಾಡಿದ ಅತಿ ದೊಡ್ಡ ಕೆಲಸ ಇದು.

ಆಮೇಲಿನ ದಾರಿ ಏರಿಳಿತದ್ದು. ಕೋಲ್ಕತ್ತದ ಎರಡು ದೊಡ್ಡ ಕ್ಲಬ್‌ಗಳಲ್ಲೂ ಕೋಚ್ ಆಗಿದ್ದರು, ಲೀಗ್ ಗೆಲ್ಲಲಿಲ್ಲ. 2021ರ ಶುರುವಿನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡ ತನ್ನ ವಿದೇಶಿ ಕೋಚ್‌ನನ್ನು ಅರ್ಧಕ್ಕೇ ಕಳಿಸಿತು. ತಾತ್ಕಾಲಿಕವಾಗಿ ಬಂದ ಖಾಲಿದ್ ಅದೇ ತಂಡವನ್ನು ಈಗಿನ ಮುಖ್ಯ ಲೀಗ್ ಆದ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ವರೆಗೆ ಒಯ್ದರು. ಮುಂದಿನ ವರ್ಷ ಪೂರ್ಣಾವಧಿ ಕೋಚ್ ಆದಾಗ ಅದೇ ತಂಡ 11ರಲ್ಲಿ 10ನೇ ಸ್ಥಾನಕ್ಕೆ ಇಳಿಯಿತು. ಸ್ವಲ್ಪ ಕಾಲ ಎಫ್‌ಸಿ ಬೆಂಗಳೂರು ಯುನೈಟೆಡ್ ಜೊತೆಗೂ ಇದ್ದರು. 2023ರ ಕೊನೆಗೆ ಜಮ್‌ಶೆಡ್‌ಪುರಕ್ಕೆ ಹೋದರು. 2024–25ರಲ್ಲಿ ಆ ತಂಡ ಐಎಸ್‌ಎಲ್ ಸೆಮಿಫೈನಲ್ ಆಡಿತು, ಸೂಪರ್ ಕಪ್ ಫೈನಲ್ ತಲುಪಿತು.

ಈ ಚರಿತ್ರೆಯಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಬಲಹೀನ ತಂಡವನ್ನು ಅವರ ಕೈಗೆ ಕೊಟ್ಟು, ದಿನವೂ ಜೊತೆಗೆ ಕೆಲಸ ಮಾಡಲು ಬಿಟ್ಟರೆ, ಅದು ಬಲವಾದ ತಂಡಗಳಿಗೆ ತೊಂದರೆ ಕೊಡುತ್ತದೆ. ಗೆಲ್ಲಲೇಬೇಕಾದ ದೊಡ್ಡ ತಂಡ ಸಿಕ್ಕಾಗ ಅವರಿಗೆ ಅಷ್ಟು ಸುಲಭವಾಗಿಲ್ಲ.

ಕೆಲಸ ಒಂದೇ ಅಲ್ಲ

ಕ್ಲಬ್ ಕೋಚ್ ಮತ್ತು ದೇಶದ ಕೋಚ್ ಎರಡೂ ಒಂದೇ ಕೆಲಸ ಎಂದು ತುಂಬ ಜನ ತಿಳಿದಿದ್ದಾರೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಹಾಗೆ ಅನ್ನಿಸುವುದು ಸಹಜ. ರಾಹುಲ್ ದ್ರಾವಿಡ್ ಭಾರತ ಕ್ರಿಕೆಟ್ ತಂಡದ ಕೋಚ್ ಆಗಿದ್ದಾಗ ವರ್ಷದ ಎಷ್ಟೋ ತಿಂಗಳು ಆಟಗಾರರು ಅವರ ಜೊತೆಗೇ ಇರುತ್ತಿದ್ದರು. ಒಂದು ವಿದೇಶ ಪ್ರವಾಸವೇ ಆರೇಳು ವಾರ. ಐಪಿಎಲ್ ಎರಡು ತಿಂಗಳು ಬಿಟ್ಟರೆ ಆಟಗಾರ ದೇಶದ ತಂಡಕ್ಕೇ ಸೇರಿದವನು.

ಫುಟ್‌ಬಾಲ್‌ನಲ್ಲಿ ಇದು ತಲೆಕೆಳಗು. ಆಟಗಾರನಿಗೆ ಸಂಬಳ ಕೊಡುವುದು ಕ್ಲಬ್. ಫಿಫಾ ಗೊತ್ತು ಮಾಡಿದ ಕೆಲವೇ ದಿನಗಳಲ್ಲಿ ಮಾತ್ರ ಕ್ಲಬ್ ಅವನನ್ನು ದೇಶದ ತಂಡಕ್ಕೆ ಬಿಟ್ಟುಕೊಡಲೇಬೇಕು. ಅಂಥ ಅವಧಿ ವರ್ಷಕ್ಕೆ ಬೆರಳೆಣಿಕೆಯಷ್ಟು. ಒಂದೊಂದೂ ಸುಮಾರು ಒಂಬತ್ತು ಹತ್ತು ದಿನ. ಅದರಲ್ಲೇ ಪ್ರಯಾಣ, ಎರಡು ಪಂದ್ಯ, ಪಂದ್ಯದ ಮರುದಿನದ ವಿಶ್ರಾಂತಿ. ನಿಜವಾದ ತಾಲೀಮಿಗೆ ಉಳಿಯುವುದು ನಾಲ್ಕೈದು ದಿನ. ಹೆಚ್ಚು ದಿನ ಬೇಕೆಂದರೆ ಕ್ಲಬ್‌ಗಳನ್ನು ಕೇಳಿಕೊಳ್ಳಬೇಕು. ಆಗಸ್ಟ್‌ನಲ್ಲಿ ಖಾಲಿದ್ ಬೆಂಗಳೂರಿನಲ್ಲಿ ಮೊದಲ ಕ್ಯಾಂಪ್ ನಡೆಸಿದಾಗ ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಡಲಿಲ್ಲ. ಫಿಫಾ ದಿನಗಳ ಹೊರಗೆ ಬಿಡಬೇಕೆಂಬ ನಿಯಮವಿಲ್ಲ, ಹಾಗಾಗಿ ತಪ್ಪು ಎನ್ನುವಂತೆಯೂ ಇಲ್ಲ.

ಮೈಸೂರಿನವರಿಗೆ ಇದನ್ನು ದಸರಾ ಆನೆಗಳ ಲೆಕ್ಕದಲ್ಲಿ ಹೇಳಬಹುದು. ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವುದು ಜಂಬೂಸವಾರಿಗೆ ವಾರಗಟ್ಟಲೆ ಮೊದಲು. ಬೇರೆ ಬೇರೆ ಕ್ಯಾಂಪಿನ ಆನೆಗಳು ಒಟ್ಟಿಗೆ ನಡೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ, ಕಟ್ಟಕಡೆಗೆ 750 ಕೆ.ಜಿ. ಚಿನ್ನದ ಅಂಬಾರಿ. ಅದೇ ಆನೆಗಳನ್ನು ಹಬ್ಬದ ನಾಲ್ಕು ದಿನ ಮೊದಲು ಲಾರಿಯಿಂದ ಇಳಿಸಿ, ಮಾವುತನ ಕೈಗೆ ಕೊಟ್ಟು, ಬನ್ನಿಮಂಟಪದವರೆಗೆ ನಡೆಸಿಕೊಂಡು ಹೋಗು ಎಂದರೆ ಏನಾಗುತ್ತದೆ? ದೇಶದ ತಂಡದ ಕೋಚ್ ಮಾಡುವುದು ಹೆಚ್ಚು ಕಡಿಮೆ ಆ ಕೆಲಸ.

ಐಜ್ವಾಲ್‌ನಲ್ಲಿ ಖಾಲಿದ್ ಗೆದ್ದದ್ದು ದಿನನಿತ್ಯದ ತಾಲೀಮಿನಿಂದ. ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಕೊಂಡ ಕೂಡಲೇ ಯಾರು ಹಿಂದೆ ಓಡಬೇಕು ಎಂಬುದನ್ನು ನೂರಾರು ಸಲ ಮಾಡಿಸಿ ಮಾಡಿಸಿ ರೂಢಿಗೆ ತಂದರು. ಅವರ ಬಲವೇ ಅದು. ಅದಕ್ಕೆ ಬೇಕಾದ ಸಮಯವೇ ದೇಶದ ತಂಡದಲ್ಲಿ ಸಿಗುವುದಿಲ್ಲ.

ಲೀಗ್ ನಿಂತುಹೋದ ವರ್ಷ

ಸಮಯ ಕಡಿಮೆ ಎಂಬ ಕಷ್ಟ ಜಗತ್ತಿನ ಎಲ್ಲ ದೇಶದ ಕೋಚ್‌ಗಳಿಗೂ ಇದೆ. ಆದರೆ ಅವರ ಆಟಗಾರರು ಲೀಗ್ ಆಡಿ ಮೈ ಕಾಯಿಸಿಕೊಂಡು ಬರುತ್ತಾರೆ. ನಮ್ಮವರಿಗೆ 2025ರಲ್ಲಿ ಅದೂ ಇರಲಿಲ್ಲ. ಈ ಭಾಗ ಅರ್ಥವಾಗದೆ ಉಳಿದದ್ದು ಅರ್ಥವಾಗುವುದಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಒಂದು ಖಾಸಗಿ ಕಂಪನಿ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಅದೇ ಕಂಪನಿ ಮುಂದೆ ಐಎಸ್‌ಎಲ್ ನಡೆಸಿತು. ಒಪ್ಪಂದ ಮುಗಿಯುವುದು 2025ರ ಡಿಸೆಂಬರ್ 8ಕ್ಕೆ. ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಮುಂದಿನ ವರ್ಷದ ಏಪ್ರಿಲ್–ಮೇವರೆಗೆ ನಡೆಯುತ್ತದೆ. ಅಂದರೆ ಸೀಸನ್ ನಡುವೆಯೇ ಒಪ್ಪಂದ ಮುಗಿದುಹೋಗುತ್ತದೆ. ಇತ್ತ ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿತ್ತು. ತೀರ್ಪು ಬರುವವರೆಗೆ ಹೊಸ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಹೀಗಾಗಿ ಜುಲೈನಲ್ಲಿ ಲೀಗ್ ಅನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಲೀಗ್ ನಡೆಸಲು ಟೆಂಡರ್ ಕರೆದರೆ ನವೆಂಬರ್‌ನಲ್ಲಿ ಒಂದು ಬಿಡ್ಡೂ ಬರಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ 2026ರ ಫೆಬ್ರುವರಿ 14ಕ್ಕೆ ಲೀಗ್ ಶುರುವಾಯಿತು. ಅದೂ ಮೊಟಕಾಗಿ. ಹಿಂದಿನ ವರ್ಷ ಒಂದೊಂದು ತಂಡಕ್ಕೆ ಲೀಗ್ ಹಂತದಲ್ಲಿ 24 ಪಂದ್ಯ ಇದ್ದರೆ ಈ ಸಲ 13.

ಈಗ ಅಕ್ಟೋಬರ್‌ಗೆ ವಾಪಸ್ ಬನ್ನಿ. ಸಿಂಗಪುರ ವಿರುದ್ಧ ಆಡಲು ಬಂದ ಎಷ್ಟೋ ಆಟಗಾರರು ವಾರಗಟ್ಟಲೆ ಒಂದು ಲೀಗ್ ಪಂದ್ಯವನ್ನೂ ಆಡಿರಲಿಲ್ಲ. ಮುಂದಿನ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಓಡುವ ಶಕ್ತಿಯನ್ನು ಕ್ಯಾಂಪಿನಲ್ಲಿ ಒಂದಷ್ಟು ತರಿಸಬಹುದು. 70ನೇ ನಿಮಿಷದಲ್ಲಿ ಸುಸ್ತಾದಾಗಲೂ ಸರಿಯಾದ ಪಾಸ್ ಕೊಡುವ ಬುದ್ಧಿ ಬರುವುದು ಪಂದ್ಯ ಆಡಿದರೆ ಮಾತ್ರ.

ಇನ್ನೊಂದು ಲೆಕ್ಕವನ್ನೂ ನ್ಯಾಯವಾಗಿ ಹೇಳಬೇಕು. ಏಷ್ಯನ್ ಕಪ್ ಅರ್ಹತಾ ಗುಂಪಿನಲ್ಲಿ ನಾಲ್ಕು ತಂಡ, ಮುಂದೆ ಹೋಗುವುದು ಒಂದೇ. ಖಾಲಿದ್ ಬರುವ ಮೊದಲೇ ಎರಡು ಪಂದ್ಯ ಮುಗಿದಿದ್ದವು. ಸ್ಪೇನ್‌ನ ಮನೋಲೊ ಮಾರ್ಕೆಸ್ ಕೋಚ್ ಆಗಿದ್ದಾಗ ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ 0–0 ಡ್ರಾ, ಹಾಂಗ್‌ಕಾಂಗ್ ಎದುರು 0–1 ಸೋಲು. ಮಾರ್ಕೆಸ್ ಕಾಲದ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ, ಮಾಲ್ದೀವ್ಸ್ ಮೇಲೆ. ಅವರು ದೇಶದ ತಂಡದ ಜೊತೆಗೇ ಎಫ್‌ಸಿ ಗೋವಾಕ್ಕೂ ಕೋಚ್ ಆಗಿದ್ದರು. ಅಂದರೆ ಖಾಲಿದ್ ಕೈಗೆ ತಂಡ ಬಂದಾಗ ಎರಡು ಪಂದ್ಯದಿಂದ ಒಂದೇ ಪಾಯಿಂಟ್ ಇತ್ತು. ಉಳಿದ ನಾಲ್ಕನ್ನು ಹೆಚ್ಚು ಕಡಿಮೆ ಗೆಲ್ಲಲೇಬೇಕಿತ್ತು.

ಒಮಾನ್ ಮೇಲೆ ಗೆಲುವು, ಬಾಂಗ್ಲಾ ಎದುರು ಸೋಲು

ಹಾಗಂತ ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ಕೋಚ್‌ನನ್ನು ಪೂರ್ತಿ ಬಿಡುವುದು ಸರಿಯಲ್ಲ. ಆಟದ ಒಳಗಿನ ಕಾರಣಗಳೂ ಇವೆ.

ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ತಜಿಕಿಸ್ತಾನದಲ್ಲಿ ಆಡಿದ ಟೂರ್ನಿಯ ಗೋಲುಗಳನ್ನು ನೆನಪಿಸಿಕೊಳ್ಳಿ. ತಜಿಕಿಸ್ತಾನದ ಮೇಲೆ 2–1ರ ಗೆಲುವಿನಲ್ಲಿ ಗೋಲು ಹೊಡೆದವರು ಅನ್ವರ್ ಅಲಿ ಮತ್ತು ಸಂದೇಶ್ ಜಿಂಗನ್. ಇಬ್ಬರೂ ಡಿಫೆಂಡರ್‌ಗಳು. ಮೊದಲ ಗೋಲಿಗೆ ಮೂಲ ಮೊಹಮ್ಮದ್ ಉವೈಸ್ ಹಾಕಿದ ಉದ್ದನೆಯ ಥ್ರೋ. ಒಮಾನ್ ವಿರುದ್ಧ ಉದಾಂತ ಸಿಂಗ್ 80ನೇ ನಿಮಿಷದಲ್ಲಿ 1–1 ಮಾಡಿದ್ದೂ ಅಂಥದೇ ಥ್ರೋನಿಂದ. ಆಮೇಲೆ ಪೆನಾಲ್ಟಿಯಲ್ಲಿ 3–2. ಗೋಲಿ ಗುರುಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತ ತಡೆದರು.

ಇದು ಖಾಲಿದ್ ಅವರ ಹಳೆಯ ಪಾಠ. ಎದುರಾಳಿ ಬಲವಾಗಿದ್ದರೆ ಚೆಂಡು ಅವರ ಹತ್ತಿರವೇ ಇರಲಿ. ನಾವು ಹಿಂದೆ ಒತ್ತಾಗಿ ನಿಲ್ಲೋಣ. ಥ್ರೋ, ಕಾರ್ನರ್, ಫ್ರೀಕಿಕ್ ಸಿಕ್ಕಾಗ ಹೊಡೆಯೋಣ. ಒಮಾನ್ ಮುಂದೆ ಇದು ನಡೆಯಿತು, ಯಾಕೆಂದರೆ ಒಮಾನ್ ಮುಂದೆ ಬಂದು ಆಡಿತು. ಇರಾನ್‌ನಂಥ ಇನ್ನೂ ದೊಡ್ಡ ತಂಡದ ಮುಂದೆ 0–3 ಸೋತರೂ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಅದೇ ಟೂರ್ನಿಯಲ್ಲಿ ಅಫ್ಘಾನಿಸ್ತಾನದ ಜೊತೆ 0–0 ಆಯಿತು. ಎಚ್ಚರಿಕೆಯ ಗಂಟೆ ಅಲ್ಲೇ ಬಾರಿಸಿತ್ತು. ಒಮಾನ್ ಗೆಲುವಿನ ಸಂಭ್ರಮದಲ್ಲಿ ಯಾರಿಗೂ ಕೇಳಲಿಲ್ಲ.

ಯಾಕೆಂದರೆ ಸಿಂಗಪುರ, ಬಾಂಗ್ಲಾದೇಶಗಳ ಎದುರು ಲೆಕ್ಕ ಬೇರೆ. ಅಲ್ಲಿ ಗೆಲ್ಲಬೇಕಾದವರು ನಾವು. ಸಿಂಗಪುರದಲ್ಲಿ ನಡೆದ ಪಂದ್ಯದಲ್ಲಿ ದ್ವಿತೀಯಾರ್ಧ ಶುರುವಾದ ಕೂಡಲೇ ಜಿಂಗನ್ ರೆಡ್ ಕಾರ್ಡ್ ಪಡೆದು ಹೊರಹೋದರು. ಹತ್ತೇ ಜನರಲ್ಲಿ ಆಡಿ, 90ನೇ ನಿಮಿಷದಲ್ಲಿ ರಹೀಂ ಅಲಿ ಗೋಲಿನಿಂದ 1–1 ಮಾಡಿಕೊಂಡರು. ಗಮನಿಸಿ, ಕಷ್ಟಕ್ಕೆ ಸಿಕ್ಕಿದಾಗ ಈ ತಂಡ ಚೆನ್ನಾಗಿ ಹೋರಾಡುತ್ತದೆ. ಐದು ದಿನ ಬಿಟ್ಟು ಮಡಗಾಂವ್‌ನಲ್ಲಿ ಭಾರತದ ಚಾಂಗ್ಟೆ 14ನೇ ನಿಮಿಷಕ್ಕೇ ಗೋಲು ಹೊಡೆದರು. ಮುನ್ನಡೆ ಸಿಕ್ಕ ಮೇಲೆ ಆಟವನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಸಿಂಗಪುರದ ಸಾಂಗ್ ಉಯಿ-ಯಂಗ್ ಎರಡು ಗೋಲು ಹೊಡೆದರು. ಢಾಕಾದಲ್ಲೂ ಅಷ್ಟೇ. ಬಾಂಗ್ಲಾ ಬೇಗನೆ ಒಂದು ಗೋಲು ಹೊಡೆಯಿತು. ಆಮೇಲೆ ಅದನ್ನು ಕಾಪಾಡಿಕೊಂಡಿತು. ಗೋಡೆ ಕಟ್ಟಿ ನಿಂತ ತಂಡವನ್ನು ಒಡೆಯುವ ದಾರಿ ಭಾರತಕ್ಕೆ ಗೊತ್ತಾಗಲಿಲ್ಲ.

ಆಯ್ಕೆಯಲ್ಲೂ ಒಂದು ತೂಗಾಟ ಇತ್ತು. ಸೆಪ್ಟೆಂಬರ್‌ಗೆ ಸುನಿಲ್ ಛೆಟ್ರಿ ಬೇಡ ಎಂದರು. ಅಕ್ಟೋಬರ್‌ಗೆ ಬೇಕು ಎಂದರು. ಛೆಟ್ರಿಗೆ ಆಗ 41. ಗೆಲ್ಲಲೇಬೇಕಾದ ಪಂದ್ಯಕ್ಕೆ ಅನುಭವಿ ಬೇಕು ಎನ್ನುವ ವಾದ ಅರ್ಥವಾಗುತ್ತದೆ. ಆದರೆ ಅವರಿಲ್ಲದೆ ಆಡಿ ಒಂದು ದಾರಿ ಕಂಡುಕೊಂಡಿದ್ದ ತಂಡಕ್ಕೆ ಅದರಿಂದ ಅನುಕೂಲವಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಇದು ಕೋಚ್ ಕೈಯಲ್ಲೇ ಇದ್ದ ವಿಷಯ. ಇದಕ್ಕೆ ಉತ್ತರ ಕೊಡಬೇಕಾದವರೂ ಅವರೇ.

ನಮ್ಮವರೋ, ಹೊರಗಿನವರೋ?

ಸೋಲಿನ ನಂತರ ಎರಡು ಗುಂಪಿನ ವಾದ ಜೋರಾಗಿದೆ. ಒಂದು ಕಡೆಯವರು, ಭಾರತೀಯ ಕೋಚ್‌ಗೆ ಕೊಟ್ಟು ನೋಡಿದ್ದಾಯಿತು, ಇನ್ನು ಯುರೋಪಿನವರನ್ನೇ ತನ್ನಿ ಎನ್ನುತ್ತಾರೆ. ದೊಡ್ಡ ಮಟ್ಟದ ಫುಟ್‌ಬಾಲ್ ನೋಡಿದವರು ಬಂದರೆ ಆಟದ ರೀತಿ ಬದಲಾಗುತ್ತದೆ ಎಂಬುದು ಅವರ ನಂಬಿಕೆ. ಇನ್ನೊಂದು ಕಡೆಯವರು, ನಮ್ಮ ಹುಡುಗರ ಭಾಷೆ, ಸ್ವಭಾವ, ಲೀಗ್ ಎಲ್ಲ ಗೊತ್ತಿರುವವರೇ ಬೇಕು, ಹೊರಗಿನವರಿಗೆ ಕೊಡುವ ದುಡ್ಡಿನಲ್ಲಿ ಹತ್ತು ಊರಲ್ಲಿ ಕೋಚಿಂಗ್ ಕೇಂದ್ರ ನಡೆಸಬಹುದು ಎನ್ನುತ್ತಾರೆ.

ದಾಖಲೆ ಎರಡೂ ಕಡೆಗೆ ಪೂರ್ತಿ ಒಲಿಯುವುದಿಲ್ಲ. ಮಾರ್ಕೆಸ್‌ಗೆ ಮೊದಲು ಭಾರತದ ಕೋಚ್ ಆಗಿದ್ದ ಕ್ರೊವೇಷಿಯಾದ ಇಗೊರ್ ಸ್ಟಿಮ್ಯಾಕ್ ಕೂಡ ಆಟಗಾರರಾಗಿದ್ದು ಕೋಚ್ ಆದವರು. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊವೇಷಿಯಾ ತಂಡದಲ್ಲಿದ್ದರು. ಅವರ ಕಾಲದಲ್ಲಿ, 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಭಾರತ ಕುವೈತ್‌ನನ್ನು ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಿತು. ಆ ತಿಂಗಳು ಫಿಫಾ ಶ್ರೇಯಾಂಕ 99. ಆರೇ ತಿಂಗಳಲ್ಲಿ, ಕತಾರ್‌ನ ಏಷ್ಯನ್ ಕಪ್‌ನಲ್ಲಿ ಅದೇ ಕೋಚ್ ಕೆಳಗೆ ಮೂರಕ್ಕೆ ಮೂರೂ ಪಂದ್ಯ ಸೋತರು. ಒಂದು ಗೋಲೂ ಬರಲಿಲ್ಲ. 2024ರ ಜೂನ್‌ನಲ್ಲಿ ಸ್ಟಿಮ್ಯಾಕ್ ಹೋದರು, ಮಾರ್ಕೆಸ್ ಬಂದರು, ಮುಂದಿನ ಕತೆ ಮೇಲೆ ಹೇಳಿದ್ದೇನೆ.

ಇನ್ನು ಭಾರತ ಫುಟ್‌ಬಾಲ್‌ನ ಸುವರ್ಣ ಕಾಲ ಎನ್ನುವುದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಕಾಲ. 1951ರಲ್ಲಿ ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಭಾರತೀಯ ಕೋಚ್ ಸಾಲದು ಎನ್ನುವವರಿಗೆ ಈ ಉದಾಹರಣೆ ಸಾಕು. ಆದರೆ ರಹೀಂ ಸಾಹೇಬರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತಂಡವನ್ನು ನೋಡಿಕೊಂಡವರು ಎಂಬುದನ್ನು ಮರೆಯಬಾರದು. ಈಗ ಅಂಥ ತಾಳ್ಮೆ ಯಾರಿಗಿದೆ?

ಖಾಲಿದ್ ಅವರನ್ನು ಆರಿಸಿದಾಗ ಸುಮಾರು 170 ಅರ್ಜಿ ಬಂದಿದ್ದವು. ಕೊನೆಯ ಮೂವರಲ್ಲಿ ಈ ಮೊದಲೇ ಎರಡು ಸಲ ಭಾರತದ ಕೋಚ್ ಆಗಿದ್ದ ಸ್ಟೀಫನ್ ಕಾನ್‌ಸ್ಟಂಟೈನ್ ಮತ್ತು ಸ್ಲೊವಾಕಿಯಾದ ಸ್ಟೆಫಾನ್ ಟಾರ್ಕೊವಿಚ್ ಇದ್ದರು. ಯಾರೇ ಬಂದಿದ್ದರೂ ಅವರಿಗೂ ಅದೇ ನಿಂತ ಲೀಗ್, ಅದೇ ಒಂದು ಪಾಯಿಂಟ್. ಹೊರಗಿನವರು ಬೇಕೋ ಬೇಡವೋ ಎಂಬ ಜಗಳದಲ್ಲಿ ಈ ಮಾತು ಕೇಳಿಸುವುದೇ ಇಲ್ಲ.

ಗೋಲು ಹೊಡೆಯುವವರು ಎಲ್ಲಿ?

ಭಾರತದ ಅತಿ ಹಳೆಯ ರೋಗ ಇದು. 2024–25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? 40 ವರ್ಷದ ಛೆಟ್ರಿ, 14 ಗೋಲು. ಇದರಲ್ಲಿ ಛೆಟ್ರಿಯ ದೊಡ್ಡತನ ಎಷ್ಟು ಕಾಣುತ್ತದೋ ಉಳಿದವರ ಸ್ಥಿತಿಯೂ ಅಷ್ಟೇ ಕಾಣುತ್ತದೆ.

ಕಾರಣ ಕಷ್ಟದ್ದೇನಲ್ಲ. ಐಎಸ್‌ಎಲ್‌ನಲ್ಲಿ ಒಂದು ತಂಡ ಮೈದಾನಕ್ಕೆ ನಾಲ್ಕು ವಿದೇಶಿಯರನ್ನು ಇಳಿಸಬಹುದು. ಕ್ಲಬ್‌ಗೆ ಈ ವಾರದ ಪಂದ್ಯ ಗೆಲ್ಲಬೇಕು. ಹಾಗಾಗಿ ಅತಿ ಮುಖ್ಯ ಜಾಗಗಳಿಗೆ ವಿದೇಶಿಯರನ್ನು ತರುತ್ತದೆ. ಮೊದಲನೆಯದು ನಡುವಿನ ಸ್ಟ್ರೈಕರ್ ಜಾಗ. ಚುರುಕಾದ ಭಾರತೀಯ ಹುಡುಗನನ್ನು ಪಕ್ಕಕ್ಕೆ, ವಿಂಗ್‌ಗೆ ಕಳಿಸುತ್ತಾರೆ. ಅವನು ಓಡುತ್ತಾನೆ, ಕ್ರಾಸ್ ಕೊಡುತ್ತಾನೆ, ಗೋಲು ಹೊಡೆಯುವುದು ಇನ್ನೊಬ್ಬ. ವರ್ಷಗಟ್ಟಲೆ ಹೀಗಾದ ಮೇಲೆ ದೇಶದ ತಂಡದ ಕೋಚ್ ಬಂದು, ನಡುವೆ ನಿಂತು ಗೋಲು ಹೊಡಿ ಎಂದರೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಪಕ್ಕದ ದೇಶಗಳು ಬೇರೆ ದಾರಿ ಹಿಡಿದಿವೆ. ಮಡಗಾಂವ್‌ನಲ್ಲಿ ನಮ್ಮ ಮೇಲೆ ಎರಡು ಗೋಲು ಹೊಡೆದ ಸಾಂಗ್ ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. 2021ರಲ್ಲಿ ಸಿಂಗಪುರದ ಪೌರತ್ವ ಪಡೆದರು. ಬಾಂಗ್ಲಾದೇಶದ ಹಮ್ಜಾ ಚೌಧರಿ ಇಂಗ್ಲೆಂಡ್‌ನಲ್ಲಿ ಹುಟ್ಟಿ ಲೆಸ್ಟರ್ ಸಿಟಿಯಲ್ಲಿ ಬೆಳೆದವರು. ಬಾಂಗ್ಲಾ ಪರ ಅವರ ಮೊದಲ ಪಂದ್ಯವೇ ಶಿಲ್ಲಾಂಗ್‌ನಲ್ಲಿ ನಮ್ಮ ವಿರುದ್ಧ. ಭಾರತದಲ್ಲಿ ಇಬ್ಬಗೆ ಪೌರತ್ವ ಇಲ್ಲ. ದೇಶಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಬೇಕೇ ಬೇಕು. ಅಂದರೆ ಹೊರಗೆ ಹುಟ್ಟಿ ಬೆಳೆದ ಭಾರತೀಯ ಮೂಲದವರು ಅಲ್ಲಿನ ಪಾಸ್‌ಪೋರ್ಟ್ ಬಿಟ್ಟು ಬರಬೇಕು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ, ಬೆಂಗಳೂರು ಎಫ್‌ಸಿಯ ರಯನ್ ವಿಲಿಯಮ್ಸ್ ಹಾಗೆಯೇ ಮಾಡಿದರು. ನವೆಂಬರ್‌ನಲ್ಲಿ ಖಾಲಿದ್ ಅವರನ್ನು ಕ್ಯಾಂಪಿಗೆ ಕರೆದರು. ಕಾಗದಪತ್ರ ಸಮಯಕ್ಕೆ ಬಾರದೆ ಢಾಕಾದಲ್ಲಿ ಆಡಲಾಗಲಿಲ್ಲ.

ಇದು ಒಳ್ಳೆಯ ದಾರಿಯೇ, ಮುಚ್ಚಬೇಕಾಗಿಲ್ಲ. ಆದರೆ ಒಬ್ಬಿಬ್ಬರು ಬಂದರೆ ಒಂದೆರಡು ಪಂದ್ಯ ಗೆಲ್ಲಬಹುದು, ಸ್ಟ್ರೈಕರ್‌ಗಳು ಇಲ್ಲಿ ಹುಟ್ಟುವುದಿಲ್ಲ. ಲೀಗ್‌ನಲ್ಲಿ ವಿದೇಶಿಯರ ಸಂಖ್ಯೆ ಇನ್ನೂ ಇಳಿಸುವುದು ಅದಕ್ಕಿಂತ ದೊಡ್ಡ ಕೆಲಸ. ಕ್ಲಬ್‌ಗಳು ಒಪ್ಪುವುದು ಕಷ್ಟ, ಯಾಕೆಂದರೆ ಟಿ.ವಿ. ಮುಂದೆ ಕೂತವರಿಗೆ ಆಟ ಸಪ್ಪೆ ಅನ್ನಿಸಬಹುದು ಎಂಬ ಭಯ ಅವರಿಗಿದೆ.

ಮುಂದೆ ಏನಾಗಬಹುದು

2027ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ 24 ತಂಡಗಳ ಏಷ್ಯನ್ ಕಪ್ ನಡೆಯುವಾಗ ಭಾರತ ಅಲ್ಲಿರುವುದಿಲ್ಲ. ಗುಂಪಿನ ಕೊನೆಯ ಪಂದ್ಯ ಹಾಂಗ್‌ಕಾಂಗ್ ಜೊತೆ. ಅದರ ಫಲಿತಾಂಶ ಏನೇ ಆದರೂ ಇದು ಬದಲಾಗುವಂತಿರಲಿಲ್ಲ. 2019 ಮತ್ತು 2023ರ ಆವೃತ್ತಿಗಳಿಗೆ ಸತತವಾಗಿ ಹೋಗಿದ್ದ ಸರಣಿ ಇಲ್ಲಿಗೆ ನಿಂತಿತು. ದೊಡ್ಡ ತಂಡಗಳ ಜೊತೆ ಆಡುವ ಅವಕಾಶ ಹೋಯಿತು, ಅದರ ಜೊತೆ ಪ್ರಾಯೋಜಕರ ಆಸಕ್ತಿಯೂ ಕಡಿಮೆಯಾಗುತ್ತದೆ.

ಅದಕ್ಕಿಂತ ಚಿಂತೆಯ ವಿಷಯ ಶ್ರೇಯಾಂಕ. 2023ರಲ್ಲಿ 99 ಇದ್ದದ್ದು 2025ರ ಜುಲೈಗೆ 133, ಢಾಕಾ ಸೋಲಿನ ನಂತರ 142. ಇದು ಬರೀ ಮಾನದ ಪ್ರಶ್ನೆ ಅಲ್ಲ. 2026ರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಏಷ್ಯಾದ ಮೊದಲ 26 ತಂಡಗಳು ನೇರವಾಗಿ ಎರಡನೇ ಸುತ್ತಿಗೆ ಹೋದವು. ಉಳಿದವು ಮೊದಲ ಸುತ್ತಿನಲ್ಲಿ ಇಬ್ಬಿಬ್ಬರಾಗಿ ಎರಡು ಪಂದ್ಯ ಆಡಿದವು. ಭಾರತ ಆಗ ಆ 26ರ ಒಳಗಿತ್ತು. ಈಗ ಆ ಗಡಿಯ ಆಸುಪಾಸಿಗೇ ಬಂದು ನಿಂತಿದೆ. 2030ರ ವಿಶ್ವಕಪ್‌ಗೂ ಇದೇ ಕ್ರಮ ಇದ್ದು, ಭಾರತ ಗಡಿ ದಾಟಿ ಕೆಳಗೆ ಬಿದ್ದರೆ, ಎರಡೇ ಪಂದ್ಯದಲ್ಲಿ ಎಲ್ಲ ಮುಗಿದುಹೋಗುವ ಅಪಾಯ ಇದೆ. ಆಮೇಲೆ ಬಹುಕಾಲ ಸ್ನೇಹಪರ ಪಂದ್ಯಗಳೇ ಗತಿ. ಪಂದ್ಯ ಕಡಿಮೆಯಾದರೆ ಪಾಯಿಂಟ್ ಕಡಿಮೆ, ಪಾಯಿಂಟ್ ಕಡಿಮೆಯಾದರೆ ಶ್ರೇಯಾಂಕ ಇನ್ನೂ ಕೆಳಗೆ.

ಇದರಿಂದ ಮೇಲೆ ಬರಲು ಆಗುವುದೇ ಇಲ್ಲ ಎಂದೇನಲ್ಲ. 2015ರ ಮಾರ್ಚ್‌ನಲ್ಲಿ ಭಾರತ 173ನೇ ಸ್ಥಾನದಲ್ಲಿತ್ತು. ಆ ಜೂನ್‌ನಲ್ಲಿ ಪುಟ್ಟ ದ್ವೀಪ ಗುವಾಮ್ ಕೂಡ ನಮ್ಮನ್ನು 2–1ರಿಂದ ಸೋಲಿಸಿತ್ತು. ಕೋಚ್ ಕಾನ್‌ಸ್ಟಂಟೈನ್ ಅವರನ್ನು ಆಗ ತೆಗೆಯಲಿಲ್ಲ. ಅವರು ಹೊಸ ಹುಡುಗರಿಗೆ ಸಾಲು ಸಾಲಾಗಿ ಅವಕಾಶ ಕೊಟ್ಟರು. 2017ರ ಜುಲೈಗೆ ಭಾರತ 96ಕ್ಕೆ ಏರಿತು. 2019ರ ಏಷ್ಯನ್ ಕಪ್‌ಗೂ ಹೋಯಿತು.

ಖಾಲಿದ್ ಒಪ್ಪಂದ ಎರಡು ವರ್ಷದ್ದು, ಒಂದು ವರ್ಷ ಮುಂದುವರಿಸಬಹುದು. ಛೆಟ್ರಿ ಮತ್ತೆ ವಿದಾಯ ಹೇಳಿದ್ದಾರೆ. ಇನ್ನು ಹೊಸಬರನ್ನು ಆಡಿಸದೆ ಬೇರೆ ದಾರಿಯಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈಗ ಅವರನ್ನು ತೆಗೆಯುವುದು ತಪ್ಪು. ಪೂರ್ತಿ ಲೀಗ್ ನಡೆದ ಒಂದು ಸೀಸನ್ ಅವರಿಗೆ ಸಿಗಬೇಕು. ಆಮೇಲೂ ಬಾಂಗ್ಲಾ, ಸಿಂಗಪುರದಂಥ ತಂಡಗಳನ್ನು ಒಡೆಯುವ ಆಟ ಬರದಿದ್ದರೆ ಬದಲಾಯಿಸಲಿ. ಆಗ ತಪ್ಪು ಯಾರದು ಎಂದು ಸ್ಪಷ್ಟವಾಗಿ ಹೇಳಬಹುದು. ಈಗ ಹೇಳಲು ಆಗುವುದಿಲ್ಲ.

ಮೈಸೂರು ಎಂಬ ಹೆಸರು

ಇದೆಲ್ಲ ದೆಹಲಿ, ಕೋಲ್ಕತ್ತದ ವಿಷಯ, ನಮಗೇನು ಸಂಬಂಧ ಅನ್ನಿಸಬಹುದು. ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿಯ ಪಟ್ಟಿ ತೆಗೆದು ನೋಡಿ. 1946–47, 1952–53, 1967–68, 1968–69. ಈ ನಾಲ್ಕು ಸಲ ಚಾಂಪಿಯನ್ ಎಂದು ಬರೆದಿರುವ ಹೆಸರು ಮೈಸೂರು. ಆಗ ರಾಜ್ಯದ ಹೆಸರೇ ಅದು. ಆಟಗಾರರಲ್ಲಿ ಬೆಂಗಳೂರಿನವರೇ ಜಾಸ್ತಿ ಇದ್ದರು ಎನ್ನುವುದು ನಿಜ. ಆದರೂ ಬಂಗಾಳವನ್ನು ಸೋಲಿಸುವಷ್ಟು ಫುಟ್‌ಬಾಲ್ ಈ ರಾಜ್ಯದಲ್ಲಿತ್ತು. ಆಮೇಲೆ ಕರ್ನಾಟಕ ಮತ್ತೆ ಗೆದ್ದದ್ದು 54 ವರ್ಷ ಬಿಟ್ಟು, 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ.

ಊರಿಗೆ ಆಟ ಬಂದರೆ ಮೈಸೂರಿನ ಜನ ಬರುತ್ತಾರೆ. 2010ರ ಜನವರಿಯಲ್ಲಿ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ–ಮುಂಬೈ ರಣಜಿ ಫೈನಲ್ ನಡೆದಾಗ ಕಾಲಿಡಲು ಜಾಗ ಇರಲಿಲ್ಲ. ಕರ್ನಾಟಕ ಬರೀ ಆರು ರನ್‌ನಿಂದ ಸೋತ ಆ ಪಂದ್ಯವನ್ನು ಈಗಲೂ ಜನ ನೆನೆಸಿಕೊಳ್ಳುತ್ತಾರೆ. ಕ್ರಿಕೆಟ್‌ನಲ್ಲಿ ಮೈಸೂರಿನ ಹುಡುಗನಿಗೆ ಮೆಟ್ಟಿಲುಗಳು ಕಾಣುತ್ತವೆ, ಜಾವಗಲ್ ಶ್ರೀನಾಥ್ ಹತ್ತಿದ ಮೆಟ್ಟಿಲುಗಳು. ಫುಟ್‌ಬಾಲ್‌ನಲ್ಲಿ ಗಂಭೀರವಾಗಿ ಮುಂದೆ ಹೋಗಬೇಕೆಂದರೆ ಇಲ್ಲಿನ ಹುಡುಗನಾಗಲಿ, ಮಂಡ್ಯದ ಹುಡುಗನಾಗಲಿ ಬೆಂಗಳೂರಿನ ಕ್ಲಬ್ ಹುಡುಕಿಕೊಂಡೇ ಹೋಗಬೇಕು. ಅಲ್ಲೂ ಲೀಗ್ ನಿಂತು ಸಂಬಳ ನಿಂತಿತು ಎಂಬ ಸುದ್ದಿ ಬಂದಾಗ, ಮಗನನ್ನು ಫುಟ್‌ಬಾಲ್‌ಗೆ ಕಳಿಸೋಣವೋ ಬೇಡವೋ ಎಂದು ಯೋಚಿಸುತ್ತಿದ್ದ ಅಪ್ಪ ಅಮ್ಮ ಏನು ತೀರ್ಮಾನ ಮಾಡುತ್ತಾರೆ ಎಂದು ಹೇಳಬೇಕಾಗಿಲ್ಲ.

ಖಾಲಿದ್ ಆಡಿಸುವ ಹನ್ನೊಂದು ಜನ ಆಯ್ಕೆಯಾಗುವುದು ಇಂಥ ಮನೆಗಳ ಮಕ್ಕಳಿಂದ. 13–14ನೇ ವಯಸ್ಸಿನಲ್ಲಿ ವರ್ಷಕ್ಕೆ ಒಂದೆರಡು ಟೂರ್ನಿ ಆಡಿದರೆ ಸಾಲದು. ವಾರಕ್ಕೊಂದು ಪಂದ್ಯ ಬೇಕು, ಆರೇಳು ತಿಂಗಳು ಬೇಕು, ಅದರಲ್ಲಿ ಆ ಹುಡುಗ ನಡುವೆ ನಿಂತು ಗೋಲು ಹೊಡೆಯಬೇಕು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನದ ತಂಡಗಳನ್ನು ಸೇರಿಸಿ ಅಂಥ ಒಂದು ಲೀಗ್ ನಡೆಸಲು ಐಎಸ್‌ಎಲ್‌ನಂತೆ ಕೋಟಿಗಟ್ಟಲೆ ಬೇಕಾಗಿಲ್ಲ. ಬೇಕಾಗುವುದು ಚಾಮುಂಡಿ ವಿಹಾರದಂಥ ಮೈದಾನಗಳಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕು ತಾಸು ಜಾಗ, ತರಬೇತಾದ ರೆಫರಿಗಳು, ಹುಡುಗರ ಬಸ್ ಚಾರ್ಜು ಮತ್ತು ತಿಂಡಿ.